ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರಗಳನ್ನು ಗುರುತಿಸುವ ಬಗೆ

ಈ ವಿಷಯವನ್ನು ಸೂತ್ರಗಳಿಂದಲೇ ಆರಂಭಿಸಿದವರಿಗೆ ಕ್ಷೇತ್ರವೆಂದರೇನು ಎಂಬುದು ಬಹುಕಾಲ ಮಸುಕಾಗಿಯೇ ಉಳಿಯುತ್ತದೆ. ಆದ್ದರಿಂದ ಮೊದಲು ಒಂದು ಪ್ರಶ್ನೆಯನ್ನು ರೂಢಿಸಿಕೊಳ್ಳಿ: ಈ ಬಿಂದುವಿನಲ್ಲಿ ಪರೀಕ್ಷೆಗೆಂದು ಒಂದು ವಸ್ತುವನ್ನು ಇಟ್ಟರೆ ಅದರ ಮೇಲೆ ಯಾವ ದಿಕ್ಕಿನಲ್ಲಿ, ಎಷ್ಟು ಪ್ರಭಾವ ಉಂಟಾಗುತ್ತದೆ? ಒಂದೊಂದು ಬಿಂದುವಿಗೂ ಸಿಗುವ ಉತ್ತರಗಳನ್ನು ಒಟ್ಟುಗೂಡಿಸಿದರೆ ಆಗುವ ನಕ್ಷೆಯೇ ಕ್ಷೇತ್ರ.

ವಿದ್ಯುತ್ ಕ್ಷೇತ್ರಕ್ಕೆ ಆ ವಸ್ತು ಒಂದು ಧನ ಆವೇಶ, ಅಂದರೆ ಧನ ವಿದ್ಯುದಂಶ ಹೊತ್ತ ಕಣ. ಅದು ತೀರ ಚಿಕ್ಕದಿರಬೇಕು. ದೊಡ್ಡದಾದರೆ ಕ್ಷೇತ್ರವನ್ನು ಉಂಟುಮಾಡಿದ ಆವೇಶಗಳನ್ನೇ ಅದು ಕದಲಿಸಿಬಿಡುತ್ತದೆ. ಅದರ ಮೇಲಿನ ಬಲವನ್ನು ಅದರ ಆವೇಶದಿಂದ ಭಾಗಿಸಿದರೆ ಆ ಬಿಂದುವಿನ ಕ್ಷೇತ್ರ ದೊರೆಯುತ್ತದೆ. 1 ನ್ಯಾನೊಕೂಲಂಬ್‌ನ (ಕೂಲಂಬ್ ಆವೇಶದ ಅಳತೆ; ನ್ಯಾನೊ ಎಂದರೆ ಅದರ ನೂರು ಕೋಟಿಯಲ್ಲೊಂದು ಭಾಗ) ಬಿಂದು ಆವೇಶದಿಂದ 30 ಸೆಂ.ಮೀ. ದೂರದಲ್ಲಿ ಕ್ಷೇತ್ರವು ಪ್ರತಿ ಕೂಲಂಬ್‌ಗೆ ಸುಮಾರು 100 ನ್ಯೂಟನ್. ದೂರವನ್ನು ಇಮ್ಮಡಿಗೊಳಿಸಿದರೆ ಅದು ಕಾಲು ಭಾಗಕ್ಕೆ, ಅಂದರೆ 25ಕ್ಕೆ, ಇಳಿಯುತ್ತದೆ. ಆವೇಶಗಳು ಹಲವಿದ್ದಾಗ ಒಂದೊಂದರ ಕ್ಷೇತ್ರವನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿ, ದಿಕ್ಕನ್ನು ಮರೆಯದೆ ಕೂಡಿಸಬೇಕು. ಸಮನಾದ ಎರಡು ಧನ ಆವೇಶಗಳ ನಡುಮಧ್ಯದಲ್ಲಿ ಕ್ಷೇತ್ರ ಸೊನ್ನೆಯಾಗುವುದು ದಿಕ್ಕಿನಿಂದಾಗಿಯೇ.

ಕಾಂತಕ್ಷೇತ್ರವನ್ನು ನೀವೇ ಕೈಯಾರೆ ಗುರುತಿಸಬಹುದು, ಒಮ್ಮೆಯಾದರೂ ಗುರುತಿಸಲೇಬೇಕು. ಕಬ್ಬಿಣದ ವಸ್ತುಗಳಿಲ್ಲದ ಮೇಜಿನ ಮೇಲೆ ಬಿಳಿ ಹಾಳೆಯನ್ನು ಅಂಟಿಸಿ, ಚಿಕ್ಕ ದಿಕ್ಸೂಚಿಯಿಂದ ಉತ್ತರ ದಿಕ್ಕನ್ನು ಗೆರೆ ಎಳೆದು ಗುರುತಿಸಿ. ಆ ಗೆರೆಯ ಮೇಲೆ ದಂಡಕಾಂತವನ್ನು ಅದರ ಉತ್ತರ ಧ್ರುವವು ಉತ್ತರಕ್ಕಿರುವಂತೆ ಇಡಿ. ಈಗ ದಿಕ್ಸೂಚಿಯನ್ನು ಆ ಧ್ರುವದ ಬಳಿ ಇರಿಸಿ, ಸೂಜಿಯ ಎರಡೂ ತುದಿಗಳ ನೇರಕ್ಕೆ ಪೆನ್ಸಿಲಿನಿಂದ ಚುಕ್ಕೆ ಹಾಕಿ. ಸೂಜಿಯ ದಕ್ಷಿಣ ತುದಿ ಮುಂದಿನ ಚುಕ್ಕೆಯ ಮೇಲೆ ಬರುವಂತೆ ದಿಕ್ಸೂಚಿಯನ್ನು ಸರಿಸಿ, ಮತ್ತೆ ಚುಕ್ಕೆ ಹಾಕುತ್ತ ಸಾಗಿ. ಚುಕ್ಕೆಗಳನ್ನು ಸೇರಿಸಿದರೆ ಒಂದು ಕ್ಷೇತ್ರರೇಖೆ ಮೂಡುತ್ತದೆ. ಬೇರೆ ಬೇರೆ ಜಾಗಗಳಿಂದ ಹೊರಟು ಹತ್ತಾರು ರೇಖೆಗಳನ್ನು ಎಳೆಯಿರಿ. ಅವು ಒಂದನ್ನೊಂದು ಛೇದಿಸುವುದಿಲ್ಲ, ಏಕೆಂದರೆ ಒಂದೇ ಬಿಂದುವಿನಲ್ಲಿ ಸೂಜಿ ಎರಡು ದಿಕ್ಕುಗಳನ್ನು ತೋರಿಸಲಾರದು. ರೇಖೆಗಳು ನಾವು ಬರೆದುಕೊಂಡವು ಎಂಬುದೂ ನೆನಪಿರಲಿ. ಎರಡು ರೇಖೆಗಳ ನಡುವಿನ ಖಾಲಿ ಜಾಗದಲ್ಲಿಯೂ ಕ್ಷೇತ್ರವಿದೆ.

ಇನ್ನು ಕಾಂತದ ನಡುಭಾಗದಿಂದ ಪೂರ್ವಕ್ಕೆ ದಿಕ್ಸೂಚಿಯನ್ನು ನಿಧಾನವಾಗಿ ಸರಿಸುತ್ತ ಹೋಗಿ. ಹತ್ತಿರದಲ್ಲಿ ಸೂಜಿ ದಕ್ಷಿಣವನ್ನು ತೋರುತ್ತದೆ, ಬಹುದೂರದಲ್ಲಿ ಉತ್ತರವನ್ನು. ಇವೆರಡರ ನಡುವೆ ಒಂದೆಡೆ ಅದು ಯಾವ ದಿಕ್ಕಿಗೂ ನಿಲ್ಲದೆ, ಬೆರಳಿನಿಂದ ತಟ್ಟಿದ ಕಡೆಗೆ ಹೊರಳಿ ತಡವರಿಸುತ್ತದೆ. ಅದು ತಟಸ್ಥ ಬಿಂದು. ಅಲ್ಲಿ ಕಾಂತದ ಕ್ಷೇತ್ರವೂ ಭೂಮಿಯ ಕ್ಷೇತ್ರದ ಸಮತಲ ಭಾಗವೂ ಒಂದನ್ನೊಂದು ಅಳಿಸಿಹಾಕಿವೆ. ಪಶ್ಚಿಮದಲ್ಲೂ ಅಷ್ಟೇ ದೂರದಲ್ಲಿ ಇಂತಹುದೇ ಬಿಂದುವಿರುತ್ತದೆ. ಆವೇಶಗಳ ಲೆಕ್ಕದಲ್ಲಿ ಕಂಡ ಸೊನ್ನೆಯೇ ಇಲ್ಲಿ ಕಣ್ಣೆದುರಿಗೆ ಬಂದಿದೆ.

ವಿದ್ಯುತ್ ಪ್ರವಾಹವೂ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆಂದು 1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಓರ್ಸ್ಟೆಡ್ ತೋರಿಸಿಕೊಟ್ಟರು. ಅದನ್ನು ನೋಡಲು ದಂಡಕಾಂತವನ್ನು ದೂರವಿಟ್ಟು, ದಿಕ್ಸೂಚಿಯ ಮೇಲೆ ಸೂಜಿಗೆ ಸಮಾಂತರವಾಗಿ ತಂತಿಯನ್ನು ಹಿಡಿದು, ಅದರ ತುದಿಗಳನ್ನು 1.5 ವೋಲ್ಟ್‌ನ ಸಾಮಾನ್ಯ ಶುಷ್ಕಕೋಶಕ್ಕೆ (ಟಾರ್ಚಿಗೆ ಹಾಕುವ ಸೆಲ್) ಮುಟ್ಟಿಸಿ. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇಡ. ತಂತಿಯೂ ಕೋಶವೂ ಬಿಸಿಯಾಗುತ್ತವೆ. ಗೋಡೆಯ ವಿದ್ಯುತ್ತನ್ನಾಗಲಿ ಲಿಥಿಯಂ ಬ್ಯಾಟರಿಯನ್ನಾಗಲಿ ಖಂಡಿತ ಬಳಸಬಾರದು. 2 ಆಂಪೇರ್ ಹರಿಯುವ ಉದ್ದನೆಯ ನೇರ ತಂತಿಯಿಂದ 2 ಸೆಂ.ಮೀ. ದೂರದಲ್ಲಿ ಕ್ಷೇತ್ರ 20 ಮೈಕ್ರೊಟೆಸ್ಲಾ (ಟೆಸ್ಲಾ ಕಾಂತಕ್ಷೇತ್ರದ ಅಳತೆ; ಮೈಕ್ರೊ ಎಂದರೆ ಅದರ ಹತ್ತು ಲಕ್ಷದಲ್ಲೊಂದು ಭಾಗ). ಭೂಮಿಯ ಮೇಲ್ಮೈಯಲ್ಲಿ ಅದರ ಕ್ಷೇತ್ರ ಸುಮಾರು 25ರಿಂದ 65 ಮೈಕ್ರೊಟೆಸ್ಲಾ. ಸೂಜಿ ಎದ್ದುಕಾಣುವಷ್ಟು ಹೊರಳುವುದು ಇದರಿಂದಲೇ. ದಿಕ್ಕನ್ನು ತಿಳಿಯಲು ಬಲಗೈ ಹೆಬ್ಬೆರಳನ್ನು ಪ್ರವಾಹದ ದಿಕ್ಕಿಗೆ ಚಾಚಿ. ಮಡಚಿದ ಬೆರಳುಗಳು ಕ್ಷೇತ್ರ ಸುತ್ತುವ ದಿಕ್ಕನ್ನು ತೋರುತ್ತವೆ.

ಕೊನೆಯದಾಗಿ, ಕಲಿಯುವವರು ಹೆಚ್ಚಾಗಿ ಎಡವುವ ಒಂದು ಅಂಶ. ವಿದ್ಯುತ್ ಕ್ಷೇತ್ರವು ನಿಶ್ಚಲ ಆವೇಶವನ್ನೂ ತಳ್ಳುತ್ತದೆ, ಕಾಂತಕ್ಷೇತ್ರವಾದರೋ ಚಲಿಸುವ ಆವೇಶವನ್ನು ಮಾತ್ರ ತಳ್ಳುತ್ತದೆ, ಅದೂ ಚಲನೆಗೆ ಲಂಬವಾಗಿ. ಹೀಗಾಗಿ ಸ್ಥಿರ ಕಾಂತಕ್ಷೇತ್ರವೊಂದೇ ಇದ್ದಾಗ ಆವೇಶದ ದಾರಿ ಬಾಗುತ್ತದೆಯೇ ಹೊರತು ಅದರ ವೇಗ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ.