ಎಂ.ಎ. ಮುಗಿದ ಮೇಲೆ ಒಂದು ಉದ್ರಿ ಪುಸ್ತಕ

ಅಂಕೋಲೆಯಲ್ಲಿ ನಮ್ಮಪ್ಪನದು ಕಿರಾಣಿ ಅಂಗಡಿ. ಗಲ್ಲೆಯ ಪಕ್ಕದಲ್ಲಿ ಕೆಂಪು ರಟ್ಟಿನ ಉದ್ದನೆಯ ಉದ್ರಿ ಪುಸ್ತಕ ಇರುತ್ತಿತ್ತು. ಅದರಲ್ಲಿ ಅಪ್ಪ ಎಂದೂ ‘ಸಾಮಾನು ಕೊಟ್ಟಿದ್ದು’ ಎಂದು ಬರೆದವರಲ್ಲ. ತಾರೀಖು, ಹೆಸರು, ‘ಕುಚ್ಚಲಕ್ಕಿ ಐದು ಕೇಜಿ, ಬೆಲ್ಲ ಅರ್ಧ ಕೇಜಿ’, ಆಮೇಲೆ ಜಮಾ, ಕೊನೆಗೆ ಬಾಕಿ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ 2013ರಲ್ಲಿ ಊರಿಗೆ ಬಂದ ನಾನು ಡೈರಿಯ ಮೊದಲ ಪುಟದಲ್ಲಿ ‘ಒಳ್ಳೆಯ ಉಪನ್ಯಾಸಕಿಯಾಗಬೇಕು’ ಎಂದು ಬರೆದಿದ್ದೆ. ತಾರೀಖಿಲ್ಲ, ಅಳತೆಯಿಲ್ಲ; ಅಪ್ಪನ ಲೆಕ್ಕದಲ್ಲಿ ಅದು ‘ಸಾಮಾನು ಕೊಟ್ಟಿದ್ದು’ ಎಂಬ ಜಾತಿಯದು. ನಾಲ್ಕು ವರ್ಷ ಅದರಲ್ಲೇ ಹೋಯಿತು.

ಈಗ ಕಾರವಾರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಸ್ನಾತಕೋತ್ತರ ಮುಗಿಸಿದ ಹುಡುಗ ಹುಡುಗಿಯರು ಬಂದು “ಅಕ್ಕೋರೇ, ಮುಂದೇನು ಮಾಡಲಿ?” ಎಂದು ಕೇಳಿದರೆ, ಮೊದಲು ಪೇಟೆಗೆ ಹೋಗಿ ಗುರಿಗಳನ್ನು ಬರೆಯಲು ಅಂಥದೇ ಒಂದು ಪುಸ್ತಕ ತೆಗೆದುಕೊಂಡು ಬಾ ಎನ್ನುತ್ತೇನೆ. ಮೊಬೈಲಿನಲ್ಲಿ ಬರೆದುಕೊಂಡರೆ ಸಾಲದೇ ಎಂದು ಕೇಳುತ್ತಾರೆ. ಸಾಲದು. ಮೊಬೈಲಿನಲ್ಲಿ ಅಳಿಸಿದ್ದು ಕಾಣುವುದಿಲ್ಲ. ಪುಸ್ತಕದಲ್ಲಿ ಹೊಡೆದ ಗೀಟು ಕಾಣುತ್ತದೆ.

ಗುರಿ ಬರೆಯುವ ಮೊದಲು ಕಾಗದಪತ್ರದ ಕೆಲಸ ಮುಗಿಸಿ. ಅಂಕಪಟ್ಟಿ, ಘಟಿಕೋತ್ಸವದ ಪ್ರಮಾಣಪತ್ರ, ಜಾತಿ ಆದಾಯದ್ದು ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನು. ರಾಜ್ಯದ ನೇಮಕಾತಿಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಓದಿದ ಶಾಲೆಗಳಿಗೆ ಹೋಗಿ ಮುಖ್ಯೋಪಾಧ್ಯಾಯರ ಸಹಿ ಹಾಕಿಸಬೇಕು, ಗ್ರಾಮೀಣದ್ದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯವರ (ಬಿಇಒ) ಮೇಲುಸಹಿಯೂ ಬೇಕು. ಅರ್ಜಿಯ ಕೊನೆಯ ದಿನ ಜೋರು ಮಳೆಯಲ್ಲಿ ಊರಿನ ಶಾಲೆಯ ಬಾಗಿಲಿಗೆ ನಿಂತವಳು ನಾನು. ಬೀಗ ಹಾಕಿತ್ತು.

ಇನ್ನು ಮೊದಲ ಪುಟ. ಏಣಿ ಯಾವುದು ಎಂದು ಇಲ್ಲಿ ತೀರ್ಮಾನಿಸಬೇಕು, ಏಕೆಂದರೆ ‘ಶಿಕ್ಷಕ’ ಎಂಬ ಒಂದೇ ಪದದೊಳಗೆ ನಾಲ್ಕು ಬೇರೆ ಬೇರೆ ಏಣಿಗಳಿವೆ. ಪದವಿ ಕಾಲೇಜಿಗೆ ಸ್ನಾತಕೋತ್ತರದಲ್ಲಿ ಶೇ. 55 ಅಂಕ ಮತ್ತು ಉಪನ್ಯಾಸಕರ ಅರ್ಹತಾ ಪರೀಕ್ಷೆ, ಅಂದರೆ ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯದ ಕೆ-ಸೆಟ್. ಪದವಿಪೂರ್ವಕ್ಕೆ ಶೇ. 55ರ ಜೊತೆಗೆ ಬಿ.ಇಡಿ. ಪ್ರೌಢಶಾಲೆಗೆ ಪದವಿ ಮತ್ತು ಬಿ.ಇಡಿ. ಆರರಿಂದ ಎಂಟನೆಯ ತರಗತಿಗೆ ಇವುಗಳ ಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಎರಡನೆಯ ಪತ್ರಿಕೆ. 150ಕ್ಕೆ 90 ಬಂದರೆ ಸಾಮಾನ್ಯ ವರ್ಗದವರೂ ಪಾಸು, ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತದೆ.

ನನ್ನ ತಪ್ಪು ಇಲ್ಲಿ ಆಯಿತು. ಎಂ.ಎ. ಆದವಳಿಗೆ ಬಿ.ಇಡಿ. ಏಕೆ ಎಂಬ ಜಂಬ. ಪದವಿಪೂರ್ವ ಉಪನ್ಯಾಸಕರ ಅಧಿಸೂಚನೆ ಬಂದಾಗ ಅರ್ಹತೆಯ ಕಾಲಂ ಓದಿ, ಪತ್ರಿಕೆ ಮಡಚಿ ಇಟ್ಟೆ. 2013ರಲ್ಲೇ ಸೇರಿದ್ದರೆ ಬಿ.ಇಡಿ. ಒಂದೇ ವರ್ಷದ್ದು. 2015ರಿಂದ ಅದು ಎರಡು ವರ್ಷವಾಯಿತು, ನಾನು ಸೇರಿದ್ದು ಅದರ ನಂತರ. ಆದ್ದರಿಂದ ನನ್ನ ಸಲಹೆ ಒಂದು ಪಕ್ಷ ವಹಿಸಿದ್ದು: ಪ್ರಾಧ್ಯಾಪಕರಾಗುವ ಆಸೆ ಎಷ್ಟೇ ಗಟ್ಟಿಯಿದ್ದರೂ ಬಿ.ಇಡಿ. ಮಾಡಿಟ್ಟುಕೊಳ್ಳಿ. ನಾಲ್ಕರಲ್ಲಿ ಮೂರು ಏಣಿಗೆ ಅದೇ ಮೊದಲ ಮೆಟ್ಟಿಲು.

ಅತಿಥಿ ಉಪನ್ಯಾಸಕರ ಕೆಲಸ ಸಿಕ್ಕರೆ ಹೋಗಿ. ಪಾಠ ಮಾಡಲು ನಾನು ಕಲಿತದ್ದೇ ಅಲ್ಲಿ. ಆದರೆ ಒಪ್ಪಿಕೊಂಡ ದಿನವೇ ಬಿಡುವ ತಾರೀಖನ್ನೂ ಬರೆದುಕೊಳ್ಳಿ. ಘಟ್ಟದ ಮೇಲಿನ ಒಂದು ಕಾಲೇಜಿನಲ್ಲಿ ನನಗೆ ಪ್ರತಿ ವರ್ಷ ಪರೀಕ್ಷೆ ಮುಗಿದೊಡನೆ ಬಿಡುಗಡೆ. ಮಳೆಗಾಲದಲ್ಲಿ ಮತ್ತೆ, ಎಷ್ಟು ಪಾಠಕ್ಕೆ ಅತಿಥಿಗಳು ಬೇಕು ಎಂಬ ಕಾರ್ಯಭಾರದ ಪಟ್ಟಿಗಾಗಿ ಕಾಯುವುದು. ‘ಇದೊಂದು ವರ್ಷ’ ಎನ್ನುತ್ತ ನಾಲ್ಕು ಸಲ ಅರಬೈಲ್ ಘಟ್ಟ ಹತ್ತಿದೆ.

ಆ ಬಸ್ಸಿನ ವಿಷಯ ಹೇಳಲೇಬೇಕು. ಪ್ರಯಾಣದಲ್ಲಿ ಓದಿಕೊಳ್ಳಿ ಎಂದು ಸಲಹೆ ಕೊಡುವವರು ಘಟ್ಟದ ತಿರುವು ಕಂಡಿಲ್ಲ. ಪುಸ್ತಕ ತೆರೆದರೆ ಹೊಟ್ಟೆಯಲ್ಲಿದ್ದದ್ದು ಹೊರಗೆ. ನಾನು ಕಂಡುಕೊಂಡ ಉಪಾಯ: ಬಸ್ ಹತ್ತುವ ಮುನ್ನ ಐದು ಪ್ರಶ್ನೆ ಓದುವುದು, ಕಣ್ಣು ಮುಚ್ಚಿ ಉತ್ತರ ನೆನಪಿಸಿಕೊಳ್ಳುವುದು, ಇಳಿದ ಮೇಲೆ ಪುಸ್ತಕದಲ್ಲಿ ಸರಿ ತಪ್ಪು ನೋಡಿ ಜಮಾ ಬರೆಯುವುದು. ನೆಟ್ ಪರೀಕ್ಷೆಯ ಎರಡು ಪತ್ರಿಕೆಗೂ ಸೇರಿ ಮೂರು ಗಂಟೆ, 150 ಪ್ರಶ್ನೆ, 300 ಅಂಕ. ಮೊದಲ ಪತ್ರಿಕೆಯ 50 ಪ್ರಶ್ನೆ ಎಲ್ಲ ವಿಷಯದವರಿಗೂ ಒಂದೇ. ಇತಿಹಾಸ ಚೆನ್ನಾಗಿ ಬರುತ್ತದೆ ಎಂಬ ಧೈರ್ಯದಲ್ಲಿ ಅದನ್ನು ಮುಟ್ಟದೆ ಹೋಗಿ ಮೊದಲ ಸಲ ಬಿದ್ದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ.

ಸ್ವಂತದ ಗುರಿಗಳಿಗೆ ಬೇರೆ ಪುಟ ಮಾಡಬೇಡಿ. ಬೇರೆ ಪುಟಕ್ಕೆ ಹೋದದ್ದು ವಸೂಲಾಗುವುದಿಲ್ಲ. ಮದುವೆಯ ಸಾಲನ್ನೂ ನೀವೇ ಬರೆದುಕೊಳ್ಳಿ, ಇಲ್ಲವಾದರೆ ನಿಮ್ಮ ಚಿಕ್ಕಮ್ಮ ಬರೆಯುತ್ತಾರೆ.

ನನ್ನ ಪುಟದಲ್ಲಿ ‘ಕೊಂಕಣಿ’ ಎಂಬ ಸಾಲು ಬಂದದ್ದು ಒಂದು ಪಾಲಕರ ಸಭೆಯಿಂದ. ಮೀನು ಮಾರುವ ತಾಯಿಯೊಬ್ಬರು ಬುಟ್ಟಿಯನ್ನು ಶಾಲೆಯ ಜಗಲಿಯ ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತರು. ಮಗ ಎರಡು ತಿಂಗಳಿಂದ ಮನೆಗೆಲಸ ಬರೆದಿಲ್ಲ ಎಂದೆ. ಅವರಿಗೆ ನನ್ನ ಕನ್ನಡ ಪೂರ್ತಿ ಹತ್ತಲಿಲ್ಲ. ಮಗನೇ ಕೊಂಕಣಿಗೆ ತಿರುಗಿಸಿ ಹೇಳಿದ. ತಾಯಿಯ ಮುಖ ಅರಳಿತು. ನನಗೆ ಕೈ ಮುಗಿದು, ಮಗನ ತಲೆ ಸವರಿ, ಬುಟ್ಟಿ ಹೊತ್ತು ಹೊರಟೇಬಿಟ್ಟರು. ಹುಡುಗ ನೆಲ ನೋಡುತ್ತ ನಿಂತಿದ್ದ. ಅಂದು ಸಂಜೆ ಬರೆದೆ: ‘ಮುಂದಿನ ಸಭೆಯೊಳಗೆ ದುಭಾಷಿಯಿಲ್ಲದೆ ಐದು ನಿಮಿಷ ಕೊಂಕಣಿ. ದಿನಕ್ಕೆ ಮೂರು ವಾಕ್ಯ.’ ಇದು ವೃತ್ತಿಯ ಗುರಿಯೋ ಸ್ವಂತದ್ದೋ, ನನಗೆ ಇಂದಿಗೂ ಗೊತ್ತಿಲ್ಲ. ಕಲಿಸುವವರಲ್ಲಿ ಮುಖ್ಯ ಗುರುವೂ ಅದೇ ಹುಡುಗ.

ಅಪ್ಪನ ಇನ್ನೊಂದು ನಿಯಮವನ್ನೂ ಹಾಗೆಯೇ ಎತ್ತಿಕೊಂಡಿದ್ದೇನೆ. ಮೂರು ತಿಂಗಳು ಜಮಾ ಇಲ್ಲದ ಖಾತೆಯವರ ಮನೆಗೆ ಅವರು ತಾವೇ ಹೋಗುತ್ತಿದ್ದರು, ಜಗಳಕ್ಕಲ್ಲ, ಮನೆಯ ಸ್ಥಿತಿ ನೋಡಲು. ಕೆಲವು ಬಾಕಿಗೆ ಅಲ್ಲೇ ಗೀಟು ಹೊಡೆದು ಬರುತ್ತಿದ್ದರು. ನನ್ನ ಪುಸ್ತಕದಲ್ಲಿ ‘ಪಿಎಚ್.ಡಿ.’ ಎಂಬ ಸಾಲಿಗೆ ಹಾಗೆ ಗೀಟು ಬಿದ್ದಿದೆ. 2024ರಿಂದ ನೆಟ್ ಅಂಕಗಳನ್ನು ಪಿಎಚ್.ಡಿ. ಪ್ರವೇಶಕ್ಕೂ ಪರಿಗಣಿಸುತ್ತಾರೆ, ಹೊಸಬರು ಅದನ್ನು ಬಳಸಿಕೊಳ್ಳಲಿ. ನನಗೆ ಬೇಕಿದ್ದದ್ದು ಪದವಿಯಲ್ಲ, ಅಂಕೋಲೆಯ ಕಥೆಗಳು ಎಂದು ಗೀಟು ಹೊಡೆಯುವಾಗ ತಿಳಿಯಿತು. 1930ರ ಉಪ್ಪಿನ ಸತ್ಯಾಗ್ರಹ, ಆಮೇಲಿನ ಕರನಿರಾಕರಣೆ, ಜಪ್ತಿಯಾದ ಜಮೀನು. ಕಂಡವರು ಹೋಗಿಯಾಯಿತು, ಅವರ ಬಾಯಿಂದ ಕೇಳಿದವರು ಇದ್ದಾರೆ. ಅದಕ್ಕೀಗ ಹೊಸ ಸಾಲು: ‘ತಿಂಗಳಿಗೆ ಒಂದು ಮನೆ.’

ಈ ವರ್ಷ ನಾಲ್ಕು ಮನೆ ಜಮಾ ಆಗಿದೆ. ಐದನೆಯ ಮನೆಯ ಅಜ್ಜಿ, “ಗದ್ದೆ ಬದುವಿನ ದಾರಿ ಕೆಸರು, ನೀನು ಬಿದ್ದರೆ ನನ್ನ ಮೇಲೆ ಬರುತ್ತದೆ, ಚೌತಿ ಕಳೆದು ಬಾ” ಎಂದಿದ್ದಾರೆ. ಬಾಕಿ ಕಾಲಂನಲ್ಲಿ ಬರೆದಿಟ್ಟಿದ್ದೇನೆ.