ಟ್ರಾಕ್ಟರ್ ಬರೀ ಟಿಕ್ ಅಂದರೆ ಮೊದಲು ಹೆಡ್‌ಲೈಟ್ ಹಾಕಿ

ತೋಟದ ಮಿನಿ ಟ್ರಾಕ್ಟರ್ ಕೀ ತಿರುಗಿಸಿದಾಗ ಬರೀ ಟಿಕ್ ಅಂದು ಸ್ಟಾರ್ಟ್ ಆಗದಿದ್ದರೆ, ಸುಮ್ನೆ ಸ್ಟಾರ್ಟರ್ (ಇಂಜಿನ್ ತಿರುಗಿಸುವ ಮೋಟಾರ್) ಬಿಚ್ಚಬೇಡಿ. ಗೇರ್ ನ್ಯೂಟ್ರಲ್‌ಗೆ ತಂದು, ಹೆಡ್‌ಲೈಟ್ ಹಾಕಿ, ಇನ್ನೊಮ್ಮೆ ಕೀ ತಿರುಗಿಸಿ. ಬೆಳಕು ತೀರಾ ಮಂಕಾದರೆ ಹೆಚ್ಚಾಗಿ ತೊಂದರೆ ಬ್ಯಾಟರಿಯದ್ದು ಅಥವಾ ಅದಕ್ಕೆ ವಯರ್ ಕಟ್ಟುವ ಟರ್ಮಿನಲ್‌ನದ್ದು. ಸ್ಟಾರ್ಟರಿಗೆ ಕರೆಂಟ್ ಬಿಡುವ ಸ್ವಿಚ್ಚಾದ ಸೊಲೆನಾಯ್ಡ್ ಟಿಕ್ ಅನ್ನಲು ಸ್ವಲ್ಪ ಕರೆಂಟ್ ಸಾಕು, ಇಂಜಿನ್ ತಿರುಗಿಸಲು ಅದಕ್ಕಿಂತ ಎಷ್ಟೋ ಪಟ್ಟು ಬೇಕು. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಮಳೆಗಾಲ ಮುಗಿಯುವ ಹೊತ್ತಿಗೆ ಟರ್ಮಿನಲ್ ಮೇಲೆ ಬಿಳಿ, ಹಸಿರು ಹುಡಿ ಕೂತಿರುತ್ತದೆ, ವಯರಿನ ಕ್ಲ್ಯಾಂಪಿನ ಒಳಮೈ ಕಪ್ಪಾಗಿರುತ್ತದೆ. ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಬ್ರಶ್‌ನಲ್ಲಿ ತಿಕ್ಕಿ. ಆ ನೀರು ಬ್ಯಾಟರಿಯ ಒಳಗೆ ಮಾತ್ರ ಹೋಗಬಾರದು. ಒಣಗಿದ ಮೇಲೆ ಲೋಹ ಹೊಳೆಯುವವರೆಗೆ ಸ್ಯಾಂಡ್ ಪೇಪರ್ ಉಜ್ಜಿ. ಕಟ್ಟುವಾಗ ಪಾಸಿಟಿವ್ ಮೊದಲು, ಗಟ್ಟಿಯಾಗಿ ಬಿಗಿದು ಮೇಲೆ ಸ್ವಲ್ಪ ಗ್ರೀಸ್ ಸವರಿ. ಚಾಸಿಗೆ (ಗಾಡಿಯ ಚೌಕಟ್ಟಿಗೆ) ಹೋಗುವ ಅರ್ತ್ ವಯರಿನ ಬೋಲ್ಟನ್ನೂ ಹೀಗೇ ಉಜ್ಜಿ, ಜಾಸ್ತಿ ಜನ ಅದನ್ನು ನೋಡುವುದೇ ಇಲ್ಲ. ಲೈಟ್ ಚೂರೂ ಮಂಕಾಗದೆ ಒಂದೇ ಟಿಕ್ ಬಂದರೆ ಸೊಲೆನಾಯ್ಡ್ ಅಥವಾ ಸ್ಟಾರ್ಟರ್ ನೋಡಿಸಬೇಕು. ಪೂರ್ತಿ ಚಾರ್ಜ್ ಮಾಡಿ, ವಯರ್ ಬಿಚ್ಚಿಟ್ಟ ಬ್ಯಾಟರಿ ಮರುದಿನವೇ 12.4 ವೋಲ್ಟಿಗಿಂತ ಕೆಳಗಿಳಿದರೆ ಅದರ ಕಾಲ ಮುಗಿಯುತ್ತಾ ಬಂತು. ಇಂಜಿನ್ ಓಡುವಾಗ ಮಾತ್ರ ಲೈಟ್ ಉರಿಯುವ ಗಾಡಿಗಳಲ್ಲಿ ಹೆಡ್‌ಲೈಟಿನ ಈ ಪರೀಕ್ಷೆ ನಡೆಯುವುದಿಲ್ಲ.