ಕಿಲಿಮಂಜಾರೋ ಹತ್ತುವವರೇ, ನೀರಿನ ಬಾಟಲಿಯನ್ನು ಮಗುಚಿ ಇಡಿ

ಕೊನೆಯ ರಾತ್ರಿಯ ಏರಿಕೆಗೆ ಅಗಲ ಬಾಯಿಯ ಗಟ್ಟಿ ಬಾಟಲಿಯಲ್ಲಿ ಬಿಸಿನೀರು ತುಂಬಿಸಿ, ದಪ್ಪ ಉಣ್ಣೆಯ ಕಾಲುಚೀಲದೊಳಗೆ ತೂರಿಸಿ, ಬ್ಯಾಗಿನಲ್ಲಿ ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ. ಬಾಟಲಿ ಮಗುಚಿದ್ದರೆ ಮಂಜುಗಡ್ಡೆ ತಳದ ಕಡೆ ಕಟ್ಟುತ್ತದೆ, ಬಾಯಿ ತೆರೆದೇ ಇರುತ್ತದೆ. ಶಿಖರಕ್ಕೆ ಮೊದಲಿನ ಕೊನೆಯ ತಂಗುದಾಣವಾದ ಬರಾಫು ಕ್ಯಾಂಪಿನಿಂದ ನಡುರಾತ್ರಿ ಹೊತ್ತಿಗೆ ಹೊರಟರೆ 5,895 ಮೀಟರ್ ಎತ್ತರದ ಉಹುರು ಶಿಖರ ಮುಟ್ಟುವಾಗ ಬೆಳಗಾಗುತ್ತದೆ. ಅಷ್ಟೂ ಹೊತ್ತು ಕೊರೆಯುವ ಚಳಿ, ಗಾಳಿ. ಕೊಳವೆಯಿಂದ ಹೀರುವ ನೀರಿನ ಚೀಲವೊಂದನ್ನೇ ನಂಬಬೇಡಿ, ಮೊದಲು ಹೆಪ್ಪುಗಟ್ಟುವುದೇ ಆ ಸಣ್ಣ ಕೊಳವೆ. ನೀರು ಸಾಲದಿದ್ದರೆ ಅಲ್ಲಿ ತಲೆನೋವು, ಸುಸ್ತು ಇನ್ನೂ ಜಾಸ್ತಿ ಅಲ್ವಾ? ಅಡುಗೆಯವರಿಗೆ ಸಂಜೆಯೇ ಹೇಳಿಡಿ, ಹೊರಡುವಾಗ ಕಾಯಿಸಿ ಕೊಡುತ್ತಾರೆ. ಬರಾಫುವಿನಲ್ಲಿ ನೀರಿನ ಸೆಲೆ ಇಲ್ಲ. ಪೋರ್ಟರ್‌ಗಳು ಕೆಳಗಿನಿಂದ ಹೊತ್ತು ತಂದ ನೀರದು, ದಯವಿಟ್ಟು ಸುಮ್ನೆ ಚೆಲ್ಲಬೇಡಿ. ಮುಚ್ಚಳ ಸೋರುವಂತಿದ್ದರೆ ಈ ಉಪಾಯ ಬೇಡವೇ ಬೇಡ, ಬ್ಯಾಗಿನೊಳಗಿನ ಬಟ್ಟೆಯೆಲ್ಲ ಒದ್ದೆಯಾಗುತ್ತದೆ. ಮನೆಯಲ್ಲೇ ಬಿಸಿನೀರು ತುಂಬಿಸಿ, ಒಂದು ರಾತ್ರಿ ಮಗುಚಿಟ್ಟು ನೋಡಿ. ಬಾಟಲಿ ಅರ್ಧ ಖಾಲಿಯಾದ ಮೇಲೆ ಉಳಿದ ನೀರು ಬೇಗ ತಣ್ಣಗಾಗುತ್ತದೆ. ಆಗ ಅದನ್ನು ಜಾಕೆಟ್ಟಿನ ಒಳಗೆ, ಮೈಗೆ ತಾಗುವಂತೆ ಇಟ್ಟುಕೊಳ್ಳಿ.